ಸ್ಥಳದಲ್ಲಿ ನೋಡಿದವರು

ಇನ್ನೂರ ಹದಿನಾಲ್ಕನೆಯ ಕಲ್ಲಿನ ಚೀಟಿಯನ್ನು ಬರೆದವನು ನಾನು. ಕಲ್ಲನ್ನು ಅದು ಸಿಕ್ಕ ಜಾಗದಲ್ಲಿ ನೋಡದೆ ಬರೆದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ಇನ್ನೊಬ್ಬನ ತಪ್ಪೇ ಹೆಚ್ಚು ಕಾಣುತ್ತದೆ.

ಅಫಜಲಪುರದಲ್ಲಿ ಖರೀದಿಪತ್ರ, ಆಸ್ತಿ ಪಾಲು ಮಾಡುವ ವಾಟ್ನಿಪತ್ರ, ಒಪ್ಪಿಗೆಪತ್ರಗಳನ್ನು ಬರೆದುಕೊಡುವುದು ನನ್ನ ಕೆಲಸ. ಹೊಲದ ನಾಲ್ಕು ದಿಕ್ಕಿನ ಬಾಂದು, ಬಾವಿಯ ಪಾಲು, ದಾರಿಯ ಹಕ್ಕು ಎಲ್ಲವನ್ನೂ ಬರೆದ ಮೇಲೆ ಕೆಳಗೆ ಸಾಕ್ಷಿಗಳಿಗೆಂದು ಎರಡು ಸಾಲು ಬಿಡುತ್ತೇನೆ. ಕೊಡುವವನೂ ಕೊಳ್ಳುವವನೂ ಆ ಸಾಲಿನಲ್ಲಿ ಸಹಿ ಹಾಕುವಂತಿಲ್ಲ. ತನ್ನ ಮಾತಿಗೆ ತಾನೇ ಸಾಕ್ಷಿಯಾಗಲು ಬರುವುದಿಲ್ಲ. ಎಷ್ಟೋ ಸಲ ಜನ ಚಹಾದ ಅಂಗಡಿಯಿಂದ ಯಾರನ್ನೋ ಎಳೆದು ತಂದು ಸಾಕ್ಷಿ ಹಾಕಿಸುತ್ತಾರೆ. ಆಗ ನಾನು ಪೆನ್ನು ಕೆಳಗಿಟ್ಟು, ನೀವು ಇದನ್ನು ಕಣ್ಣಾರೆ ನೋಡಿದ್ದೀರಾ ಎಂದು ಕೇಳುತ್ತಿದ್ದೆ. ಇದಕ್ಕಾಗಿ ನನ್ನನ್ನು ಕಚೇರಿಯ ಎದುರಿನವರೆಲ್ಲ ಸೊಕ್ಕಿನವನೆಂದು ಕರೆದರು.

ನನ್ನ ಗೆಳೆಯ ಮಾದನಹಿಪ್ಪರಗಾದವನು, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಆಳಂದದಲ್ಲಿ ಪಿಯುಸಿ ಓದುವಾಗ ಇಬ್ಬರೂ ಒಂದೇ ಖೋಲಿಯಲ್ಲಿದ್ದೆವು. ಕಲ್ಲಿನ ಹುಚ್ಚು ಹತ್ತಿದ್ದು ಬಹಳ ತಡವಾಗಿ, ಇಬ್ಬರಿಗೂ ಮಕ್ಕಳಾದ ಮೇಲೆ. ಅವನ ಕಾಕಾನ ಹೊಲದಲ್ಲಿ ಬಾವಿ ತೋಡುವಾಗ ಸುರಂಗ ಹಾರಿಸಿದ್ದರು. ನಮ್ಮ ಕಡೆ ಬಂಡೆಯಲ್ಲಿ ತೂತು ಕೊರೆದು ಮದ್ದು ತುಂಬಿ ಸಿಡಿಸುವುದಕ್ಕೆ ಹಾಗೆನ್ನುತ್ತಾರೆ. ಸಿಡಿದ ಕಪ್ಪುಕಲ್ಲಿನ ನಡುವೆ ಒಡೆದ ತೆಂಗಿನ ಹೋಳಿನಂಥದೊಂದು ಬಿದ್ದಿತ್ತು. ಒಳಗೆಲ್ಲ ಬಿಳಿ ಹರಳು, ಒಂದೊಂದೂ ಸಕ್ಕರೆಯ ಕಾಳಿಗಿಂತ ತುಸು ದೊಡ್ಡದು. ಅವನು ಅದನ್ನು ಟವೆಲಿನಲ್ಲಿ ಸುತ್ತಿ, ತನ್ನ ಸೀಟಿನ ಕೆಳಗಿಟ್ಟುಕೊಂಡು, ಬಸ್ಸಿನಲ್ಲೇ ನನ್ನಲ್ಲಿಗೆ ತಂದ. ಅದು ಒಂದನೆಯ ಕಲ್ಲು.

ಬಾವಿ ತೋಡುವವರು ಹರಳಿರುವ ಪೊಳ್ಳನ್ನು ಗೂಡು ಅನ್ನುತ್ತಾರೆ. ಗೂಡು ಸಿಕ್ಕರೆ ಅವರಿಗೇನೂ ಖುಷಿಯಿಲ್ಲ. ಕ್ರೇನಿನ ಬುಟ್ಟಿಯಲ್ಲಿ ಉಳಿದ ಕಲ್ಲಿನ ಜೊತೆ ಮೇಲೆ ಬಂದು ದಿಬ್ಬಕ್ಕೆ ಬೀಳುತ್ತದೆ. ಎರಡು ತಿಂಗಳಲ್ಲಿ ದನಗಳ ಕಾಲಿಗೆ ಪುಡಿಯಾಗುತ್ತದೆ. ಆದ್ದರಿಂದ ಎಲ್ಲಿ ಬಾವಿ ತೋಡುತ್ತಿದ್ದಾರೆ ಎಂಬುದು ಕೂಡಲೇ ಗೊತ್ತಾಗಬೇಕಿತ್ತು, ಮತ್ತು ಅದು ಗೊತ್ತಾಗುವ ಜಾಗ ಬಸ್ಸು. ಅವನು ಟಿಕೆಟ್ ಹರಿಯುತ್ತ ಯಾರ ಹೊಲದಲ್ಲಿ ಕ್ರೇನು ನಿಂತಿದೆ, ಎಷ್ಟು ಆಳ ಹೋಗಿದೆ ಎಂದು ವಿಚಾರಿಸುತ್ತಿದ್ದ. ನಾವಿಬ್ಬರೂ ನಿಧಿ ಹುಡುಕುವವರೆಂದು ಕೆಲವರು ನಂಬಿದ್ದರು. ಒಮ್ಮೆ ಶೇಂಗಾದ ಚೀಲದ ಮೇಲೆ ಕುಳಿತ ಮುದುಕಿಯೊಬ್ಬಳು ಸೀಟಿನ ಕೆಳಗಿನ ಗಂಟನ್ನು ಕಾಲಿನಿಂದ ತಟ್ಟಿ ಕೇಳಿದಳು: "ಕಂಡಕ್ಟರಪ್ಪಾ, ನನ್ನ ಚೀಲಕ್ಕ ಟಿಕೀಟ ಹರದಿ. ಈ ಕಲ್ಲಿಗೆ ಆಫೋ, ಫುಲ್ಲೋ?"

ಬಸ್ಸೆಲ್ಲ ನಕ್ಕಿತು. ಅವನು ಕಲ್ಲಿಗೂ ಒಂದು ಟಿಕೆಟ್ ಹರಿದು ಅವಳ ಕೈಗೆ ಕೊಟ್ಟ.

ನಿಯಮ ನನ್ನದು. ಕಲ್ಲು ಕಂಡವನು ಅದರ ಚೀಟಿ ಬರೆಯಬಾರದು. ಗೂಡು ಸಿಕ್ಕರೆ ಒಂದು ಹರಳನ್ನಾದರೂ ಬಂಡೆಯಲ್ಲೇ ಬಿಟ್ಟು ಬರಬೇಕು. ಇನ್ನೊಬ್ಬ ಹೋಗಿ, ಬಾವಿಗೆ ಇಳಿದು, ಕೈ ಮುಟ್ಟಿ ನೋಡಿ, ಆಮೇಲೆ ಬರೆಯಬೇಕು. ಊರು, ಯಾರ ಹೊಲ, ಎಷ್ಟು ಆಳ, ಕಂಡವರು, ಕೊನೆಗೆ 'ಸ್ಥಳದಲ್ಲಿ ನೋಡಿದವರು'. ಕಲ್ಲಿನ ಹಿಂಬದಿಗೆ ಉಗುರುಬಣ್ಣದ ಬಿಳಿ ಚುಕ್ಕೆ ಇಟ್ಟು ಅದರ ಮೇಲೆ ನಂಬರು. ಸ್ಥಳ ತಿಳಿಯದ ಹರಳು ಬರೀ ಹೊಳೆಯುವ ಕಲ್ಲು ಎಂದು ನಾನು ಎಲ್ಲೋ ಓದಿದ್ದೆ, ಅದು ನನ್ನ ಕಸುಬಿನ ಮಾತೇ ಅನ್ನಿಸಿತ್ತು. ಅವನು ಮೊದಲು ಗೊಣಗಿದ, ಕಲ್ಲಿಗೂ ಬಾಂಡ್ ಬರೆಯುತ್ತೀಯಲ್ಲ ಎಂದ. ನಂತರ ನನಗಿಂತ ಕಟ್ಟುನಿಟ್ಟಾದ. ಒಂದು ಹರಳು ನೋಡಲೆಂದು ರಜೆ ಹಾಕಿ, ಮೂರು ಬಸ್ಸು ಬದಲಿಸಿ, ನಾಲ್ಕು ಆಳು ಆಳಕ್ಕೆ ಇಳಿದು, ಬರೆದು, ಉಣ್ಣದೆ ಹಿಂದಿರುಗಿದ್ದನ್ನು ನಾನು ಬಲ್ಲೆ.

ಹೀಗೆ ಅವನ ಕಲ್ಲುಗಳಿಗೆಲ್ಲ ನನ್ನ ಅಕ್ಷರ, ನನ್ನ ಕಲ್ಲುಗಳಿಗೆಲ್ಲ ಅವನ ಅಕ್ಷರ. ಅವನದು ಓಡುವ ಬಸ್ಸಿನಲ್ಲಿ ಬರೆದಂತೆ ಬಲಕ್ಕೆ ವಾಲಿದ ಬರಹ.

ಮೂವತ್ತೊಂದನೆಯ ಕಲ್ಲು ನನ್ನದು. ಮಣ್ಣೂರದ ಭೀಮಾ ದಂಡೆಯ ಹೊಲವೊಂದರ ಬಾವಿಯಲ್ಲಿ ಸಿಕ್ಕಿತು. ಎರಡು ಅಂಗೈ ಜೋಡಿಸಿದಷ್ಟು ಅಗಲ. ನಡುವಿನಲ್ಲಿ ಕಟ್ಟಿದ ಗೋಧಿಯ ಸಿವುಡಿನಂತೆ ಎರಡೂ ತುದಿಗೆ ಬಿಚ್ಚಿಕೊಂಡ ತಿಳಿ ಕಿತ್ತಳೆಯ ಹರಳುಗಳು. ಸ್ಟಿಲ್‌ಬೈಟ್ ಎಂದು ಅದರ ಹೆಸರು. ಅವುಗಳ ಮೇಲೆ ಒಂದೇ ಒಂದು ನೀರಿನಂಥ ಹರಳು ನೆಟ್ಟಗೆ ನಿಂತಿದೆ. ಅದೇ ದಿನ ಅವನೂ ಕೆಳಗಿಳಿದು ಗೂಡಿನೊಳಗೆ ಕೈ ಹಾಕಿ ನೋಡಿದ, ಚೀಟಿ ಬರೆದ. ಮುಂದಿನ ವರ್ಷ ಆ ಬಾವಿಗೆ ಸಿಮೆಂಟಿನ ರಿಂಗ್ ಇಳಿಸಿದರು. ಈಗ ಅಲ್ಲಿ ಬಂಡೆ ಕಾಣುವುದಿಲ್ಲ.

ಮಸಾಲೆಯ ಡಬ್ಬಿಗಳಿಗೆಂದು ಗೋಡೆಯಲ್ಲಿ ಮಾಡಿಸಿದ ಕಪಾಟನ್ನು ಹೆಂಡತಿ ಬೈಯುತ್ತಲೇ ಕಲ್ಲಿಗೆ ಬಿಟ್ಟುಕೊಟ್ಟಿದ್ದಳು. ಮನೆಗೆ ಬಂದವರು ಅದರ ಮುಂದೆ ನಿಂತರೆ ಮೊದಲು ನೋಡುತ್ತಿದ್ದುದು ಮೂವತ್ತೊಂದನ್ನು. ಹನ್ನೊಂದು ವರ್ಷ ಹಾಗೇ ನಡೆಯಿತು. ನಾನು ಅದನ್ನು ಗಮನಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಮನಿಸಿದ್ದೆ, ಹಿಗ್ಗಿದ್ದೆ. ಅವನು ಪಕ್ಕದಲ್ಲಿ ನಿಂತಿರುತ್ತಿದ್ದ ಎಂಬುದನ್ನು ಮಾತ್ರ ಗಮನಿಸಿರಲಿಲ್ಲ.

ಹಿಂದಿನ ವರ್ಷ ನನಗೆ ಚಿಕೂನ್‌ಗುನ್ಯಾ ಬಂತು. ಜ್ವರ ವಾರದಲ್ಲಿ ಹೋಯಿತು, ಮೊಳಕಾಲಿನ ನೋವು ಆರು ತಿಂಗಳು ಉಳಿಯಿತು. ಪಾಯಖಾನೆಗೆ ಗೋಡೆ ಹಿಡಿದು ಹೋಗುತ್ತಿದ್ದೆ. ಆ ದಿನಗಳಲ್ಲಿ ಒಂದು ಸಂಜೆ ಅವನು ಬಂದು ಮಂಚದ ಮೇಲೆ ಟವೆಲು ಬಿಚ್ಚಿದ. ಒಳಗೆ ಹಸಿರು ಕಲ್ಲು, ನಮ್ಮ ಇನ್ನೂರ ಹದಿನಾಲ್ಕನೆಯದು. ಎಳೆಯ ಹುಣಸೆ ಚಿಗುರಿನ ಹಸಿರು, ಮೂಲೆ ಕತ್ತರಿಸಿದ ಪೆಟ್ಟಿಗೆಯಂಥ ಹರಳುಗಳು, ಕೆಳಗೆ ಕಪ್ಪುಕಲ್ಲಿನ ಸಿಪ್ಪೆ. ಅಪೋಫಿಲೈಟ್. ಬಣ್ಣವಿಲ್ಲದ್ದನ್ನು ನೋಡಿದ್ದೆ, ಈ ಹಸಿರನ್ನು ಚಿತ್ರದಲ್ಲಿ ಮಾತ್ರ ಕಂಡಿದ್ದೆ. ಜೇವರ್ಗಿ ತಾಲೂಕಿನ ಒಂದು ಹಳ್ಳಿಯ ಬಾವಿ ಎಂದ. ಗೂಡಿನಲ್ಲಿ ಒಂದು ಹರಳು ಬಿಟ್ಟಿದ್ದೆ, ಮರುದಿನವೇ ಸುರಂಗ ಹಾರಿಸಿ ಆ ಗೋಡೆ ಹೋಯಿತು ಎಂದ. ಫೋನಿನಲ್ಲಿ ಬಾವಿಯ ಫೋಟೋ ತೋರಿಸಿದ. ಮೇಲಿನಿಂದ ತೆಗೆದದ್ದು, ಒಳಗೆಲ್ಲ ಕಪ್ಪು. ನಾನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಕಪ್ಪುಕಲ್ಲು ಎಂದುಕೊಂಡೆ.

ಚೀಟಿ ಖಾಲಿ ಇರಲಿ, ಕಾಲು ನೆಟ್ಟಗಾದ ಮೇಲೆ ಹೋಗಿ ಬಂದು ಬರೆಯುತ್ತೇನೆ ಎಂದು ನಾನು ಅನ್ನಬೇಕಿತ್ತು. ಅನ್ನಲಿಲ್ಲ. ಅವನ ಮುಖ ಅಷ್ಟು ಬೆಳಗಿತ್ತು. ದಿಂಬಿಗೆ ಒರಗಿ, ಪುಸ್ತಕವೊಂದರ ಮೇಲೆ ಚೀಟಿ ಇಟ್ಟು ಬರೆದೆ. ಸ್ಥಳದಲ್ಲಿ ನೋಡಿದವರು ಎಂಬಲ್ಲಿ ನನ್ನ ಹೆಸರು.

ಈ ವರ್ಷ ಕಲಬುರಗಿಯ ಕಾಲೇಜೊಂದರ ಭೂವಿಜ್ಞಾನದ ಉಪನ್ಯಾಸಕಿ ನಮ್ಮ ಕಪಾಟಿನ ಸುದ್ದಿ ಕೇಳಿ ಬಂದರು. ಈ ಸೀಮೆಯ ಕಲ್ಲುಗಳದೊಂದು ಕಪಾಟು ಕಾಲೇಜಿನಲ್ಲಿ ಮಾಡಬೇಕಿತ್ತು ಅವರಿಗೆ. ನಮ್ಮಿಂದ ಇಪ್ಪತ್ತು ಕಲ್ಲು, ನಮ್ಮ ಚೀಟಿಗಳ ಸಮೇತ. ನಡುವಿಗೆ ಮಣ್ಣೂರದ ಮೂವತ್ತೊಂದು. ಅವರು ಚೀಟಿಗಳನ್ನು ಓದಿದ ರೀತಿ ನನಗೆ ಹಿಡಿಸಿತು. ಕೊನೆಯ ಸಾಲನ್ನು ಮೊದಲು ಓದುತ್ತಿದ್ದರು. ಹಸಿರು ಕಲ್ಲನ್ನು ಕೈಗೆತ್ತಿಕೊಂಡು, ಮಗುಚಿ, ಕೆಳಗಿನ ಕಪ್ಪುಕಲ್ಲಿನ ಸಿಪ್ಪೆ ನೋಡಿದರು. ಇಂಥ ಹರಳು ಬೆಳೆಯುವುದು ಕಪ್ಪುಕಲ್ಲಿನ ಪೊಳ್ಳಿನಲ್ಲಿ, ಆ ಹಳ್ಳಿಯ ಸುತ್ತ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಪದರ ಇರುವುದೆಂದು ತಾವು ತಿಳಿದದ್ದು, ಮೇಲೆ ಎಲ್ಲಾದರೂ ಕಪ್ಪುಕಲ್ಲಿನ ತುಂಡು ಉಳಿದಿದ್ದರೆ ಅದು ಹೊಸ ಸಂಗತಿ, ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದರು. ನೀವೇ ನೋಡಿದ್ದಲ್ಲವೇ ಎಂದು ನನ್ನನ್ನು ಕೇಳಿದರು. ನಾನು ತಲೆಯಾಡಿಸಿದೆ. ಬಾಯಿ ತೆರೆಯಲಿಲ್ಲ, ಆದರೆ ತಲೆಯಾಡಿಸಿದೆ. ಅವರು ಹೋದ ಮೇಲೆ ಕುಳಿತಲ್ಲಿ ಕೂರಲಾಗಲಿಲ್ಲ.

ಎರಡು ದಿನ ಬಿಟ್ಟು ಜೇವರ್ಗಿಗೆ ಹೋದೆ, ಅವನಿಗೆ ತಿಳಿಸದೆ, ಅವನ ಬಸ್ಸು ಬಿಟ್ಟು ಬೇರೆ ಬಸ್ಸು ಹಿಡಿದು. ಬಾವಿಯ ಮಾಲೀಕ ಎಪ್ಪತ್ತರ ಸಾಬರು, ತಲೆಗೆ ರುಮಾಲು, ಕೈಯಲ್ಲಿ ತೊಗರಿ ಕಟ್ಟಿಗೆ. ನೀರು ಕೆಳಗಿತ್ತು. ಗೋಡೆಯಿಂದ ಚಾಚಿದ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ನಿಧಾನವಾಗಿ ಇಳಿದೆ. ಬಿಸಿಲು ಪಶ್ಚಿಮದ ಗೋಡೆಗೆ ಬಿದ್ದಿತ್ತು. ಆ ಗೋಡೆ ಕಪ್ಪಾಗಿರಲಿಲ್ಲ. ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಬೂದು ನೀಲಿ ಪದರಗಳು, ಮೇಲಿನ ಮಣ್ಣಿನಿಂದ ನೀರಿನವರೆಗೆ. ಕಲ್ಲು ಪರೀಕ್ಷಿಸಲೆಂದು ಜೇಬಿನಲ್ಲಿ ಒಯ್ದಿದ್ದ ಸೀಸೆಯಿಂದ ಆಸಿಡ್ಡಿನ ಹನಿಯನ್ನು ಮೂರು ಕಡೆ ಬಿಟ್ಟೆ. ಮೂರೂ ಕಡೆ ನೊರೆ ಬಂತು. ಸುಣ್ಣದ ಕಲ್ಲು, ನಮ್ಮ ಮನೆಗಳ ನೆಲಕ್ಕೆ ಹಾಸುವ ಪರಸಿ. ಹಸಿರು ಹರಳಿನ ಕೆಳಗೆ ಅಂಟಿದ್ದ ಆ ಕಪ್ಪುಕಲ್ಲು ಇಲ್ಲಿ ಒಂದು ಗೇಣೂ ಇರಲಿಲ್ಲ. ಫೋಟೋದಲ್ಲಿ ನಾನು ಕಂಡದ್ದು ನೆರಳು.

ಮೇಲೆ ಬಂದಾಗ ಸಾಬರು ತಂಬಿಗೆಯಲ್ಲಿ ನೀರು ಕೊಟ್ಟರು. ಖಾಕಿ ಹಾಕಿದ ಕಂಡಕ್ಟರ್ ಒಬ್ಬ ಇಲ್ಲಿಗೆ ಬಂದಿದ್ದನೇ ಎಂದು ಕೇಳಿದೆ.

"ಬಂದಿದ್ರಲ್ರಿ. ಭಾಳ ಛಲೋ ಮನಶಾ. ಬಾಂವಿ ಫೋಟೋ ಹೊಡಕೊಂಡ್ರು, ಚಾ ಕುಡದ್ರು. ಹೋಗಾಗ, ಕಾಕಾ, ಯಾರರೆ ಕೇಳಿದ್ರ ಹಸರ ಕಲ್ಲು ಇಲ್ಲೇ ಸಿಕ್ಕದ ಅಂತ ಹೇಳ್ರಿ ಅಂದ್ರು. ನಾ ಮಸ್ಕಿರಿ ಮಾಡಾಕತ್ತಾರ ಅನಕೊಂಡೆ." ಒಂದು ಕ್ಷಣ ನನ್ನ ಮುಖ ನೋಡಿ ಕೇಳಿದರು, "ಈಗ ನಾ ಏನಂತ ಹೇಳ್ಬೇಕ್ರಿ ನಿಮಗ?"

ಹೇಳಿದ್ದು ಸಾಕು ಎಂದೆ.

ಮರುದಿನ ಮಧ್ಯಾಹ್ನ ಅಫಜಲಪುರದ ಬಸ್ ನಿಲ್ದಾಣದಲ್ಲಿ ಅವನ ಬಸ್ಸು ನಿಂತಿತ್ತು, ಹೊರಡಲು ಇನ್ನೂ ಹೊತ್ತಿತ್ತು. ಹಿಂದಿನ ಉದ್ದ ಸೀಟಿನಲ್ಲಿ ಒಬ್ಬನೇ ಬುತ್ತಿ ಬಿಚ್ಚಿ ಕುಳಿತಿದ್ದ. ನಾನು ಮುಂದಿನ ಸೀಟಿನಲ್ಲಿ ಅವನ ಕಡೆ ತಿರುಗಿ ಕುಳಿತೆ.

"ಆ ಬಾಂವಿ ಪೂರಾ ಪರಸಿ ಕಲ್ಲಿಂದು," ಎಂದೆ. "ಮ್ಯಾಲಿಂದ ನೀರಿನ ತನಕ."

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಮೊಳಕಾಲ ಆರಾಮ ಆದ್ವು ಅನ್ನು."

ಕೈಯಲ್ಲಿದ್ದ ತುತ್ತು ತಿಂದು ಮುಗಿಸಿದ. ನಂತರ ಅವನೇ ಹೇಳಿದ. ಹೆಂಡತಿಯ ತವರಿನವರ ಜೊತೆ ಮಹಾರಾಷ್ಟ್ರದ ಯಾತ್ರೆಗೆ ಹೋದಾಗ, ಗುಹೆಗಳ ಮೆಟ್ಟಿಲ ಹತ್ತಿರ ಬಟ್ಟೆ ಹಾಸಿ ಹರಳು ಮಾರುವವನಿಂದ ತಂದದ್ದು. ಅಲ್ಲಿ ಅಂಥವು ರಾಶಿ ಇದ್ದುವಂತೆ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ.

"ಹನ್ನೊಂದು ವರ್ಷದಾಗ ನಿಮ್ಮ ಮನಿಗೆ ಬಂದವರು ಒಬ್ಬರರೆ ನನ್ನ ಕಲ್ಲು ಮೊದಲ ಕೈಯಾಗ ಹಿಡದಾರೇನಲೇ? ಬಂದವರೆಲ್ಲಾ ಮಣ್ಣೂರದ್ದು, ಮಣ್ಣೂರದ್ದು. ಒಂದ್ ಸಲ ನಂದೂ ನೋಡ್ಲಿ ಅಂತ ತಂದೆ. ಮೇಡಮ್ಮೋರು ನೋಡಿದ್ರಲ್ಲ. ಸಾಕು. ಇನ್ನ ಅದು ಕೈ ಜಾರಿ ಬಿದ್ದು ಒಡೀತು ಅಂತ ಹೇಳಿಬಿಡು."

ಉಳಿದ ಕಲ್ಲುಗಳ ಬಗ್ಗೆ ಕೇಳಿದೆ. ಉಳಿದವೆಲ್ಲ ಖರೆ ಎಂದ. ಅವನು ಅದನ್ನು ಹೇಳಿದ ರೀತಿಗೂ, ಮಂಚದ ಮೇಲೆ ಟವೆಲು ಬಿಚ್ಚಿ ಜೇವರ್ಗಿಯ ಬಾವಿಯನ್ನು ವರ್ಣಿಸಿದ ರೀತಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಅದೇ ನನ್ನನ್ನು ಅಲುಗಿಸಿದ್ದು. ಮೂವತ್ತು ವರ್ಷಗಳ ಗೆಳೆಯನ ಸುಳ್ಳಿನ ಮುಖವನ್ನು ನಾನು ಗುರುತಿಸಲಾರೆ. ಒಡೆಯಿತೆಂದು ಹೇಳಲು ನನ್ನಿಂದಾಗದು, ನಿಜವನ್ನೇ ಹೇಳುತ್ತೇನೆ ಎಂದೆ.

ಅವನು ಬುತ್ತಿಯ ಡಬ್ಬಿ ಮುಚ್ಚಿದ. "ಹೇಳು. ನಾ ಸುಳ್ಳು ಹೇಳೀನಿ, ಇಲ್ಲ ಅನ್ನಂಗಿಲ್ಲ. ಆದ್ರ ನೋಡೀನಿ ಅಂತ ನಾ ಬರದಿಲ್ಲ. ಅದು ನಿನ್ನ ಅಕ್ಷರ ಅದ. ಅದನ್ನೂ ಹೇಳು ಮತ್ತ."

ಡ್ರೈವರ್ ಹತ್ತಿದ, ಜನ ಹತ್ತತೊಡಗಿದರು. ನಾನು ಇಳಿದೆ.

ಉಪನ್ಯಾಸಕಿ ಭಾನುವಾರ ಬೆಳಿಗ್ಗೆ ಕಲ್ಲುಗಳನ್ನು ಒಯ್ಯಲು ಹತ್ತಿಯ ಗಂಟು, ರಟ್ಟಿನ ಪೆಟ್ಟಿಗೆಗಳೊಂದಿಗೆ ಬಂದರು. ಅವರು ಕುಳಿತುಕೊಳ್ಳುವ ಮೊದಲೇ ನಾನು ಹೇಳಿದೆ, ಹಸಿರು ಕಲ್ಲಿನದು, ನನ್ನ ಚೀಟಿಯದು, ನಾನು ಆಡಿಸಿದ ತಲೆಯದು. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು. ಚೀಟಿಗಳನ್ನೆಲ್ಲ ಕೇಳಿ ಇಸಿದುಕೊಂಡು ಚಾಪೆಯ ಮೇಲೆ ಎರಡು ಗುಂಪು ಮಾಡಿದರು. ಅವನು ಕಂಡು ನಾನು ಸಾಕ್ಷಿ ಹಾಕಿದವು ಎಡಕ್ಕೆ. ನಾನು ಕಂಡು ಅವನು ಸಾಕ್ಷಿ ಹಾಕಿದವು ಬಲಕ್ಕೆ. ಮೂರನೆಯ ಗುಂಪು ಇರಲಿಲ್ಲ. ಇಷ್ಟು ವರ್ಷ ನಾನು ಹೆಮ್ಮೆಪಟ್ಟ ನಿಯಮ ಇಷ್ಟೇ ಎಂದು ಆಗ ನನಗೆ ಕಂಡಿತು: ಇಬ್ಬರಲ್ಲಿ ಒಬ್ಬನ ಮಾತು ಬಿದ್ದರೆ ಎರಡೂ ಗುಂಪು ಬೀಳುತ್ತವೆ. ನನ್ನ ಮಾತೂ ಬಿದ್ದಿತ್ತು.

ಅವರು ಬಲಗಡೆಯ ಗುಂಪಿನಿಂದ ಮೂವತ್ತೊಂದರ ಚೀಟಿಯನ್ನು ತೆಗೆದರು. ಆ ಬಾವಿಯನ್ನು ಈಗ ನೋಡಬಹುದೇ ಎಂದು ಕೇಳಿದರು. ರಿಂಗ್ ಇಳಿಸಿದ್ದನ್ನು ಹೇಳಿದೆ. ಅದೇ ಗೂಡಿನ ಇನ್ನೊಂದು ತುಂಡು ಯಾರಲ್ಲಾದರೂ ಇದೆಯೇ? ಇಲ್ಲ. ತೋಡಿದವರು? ಎಲ್ಲಿಂದಲೋ ಬಂದ ತಂಡ, ಈಗ ಎಲ್ಲಿದ್ದಾರೋ. ಇಂಥ ಹರಳು ಕಪ್ಪುಕಲ್ಲಿನ ಸೀಮೆಯಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ, ಪುಣೆಯಲ್ಲೂ ಸಿಗುತ್ತದೆ ಎಂದು ಮೆತ್ತಗೆ ಹೇಳಿದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳೇ ನನ್ನ ಗೆಳೆಯನಿಗೆ ಫೋನು ಮಾಡಿದಳೆಂದು ಆಮೇಲೆ ತಿಳಿಯಿತು.

ಅರ್ಧ ಗಂಟೆಯಲ್ಲಿ ಅವನು ಬಂದ. ಖಾಕಿ ಅಂಗಿಯಲ್ಲೇ, ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲ ಒಳಗೆ ನಿಂತ. ನನ್ನ ಕಡೆ ನೋಡಲಿಲ್ಲ. ಉಪನ್ಯಾಸಕಿಯ ಕಡೆ ತಿರುಗಿ, ಕಪಾಟಿನ ಕಲ್ಲಿಗೆ ಕೈ ತೋರಿಸಿದ.

"ಆ ಕಲ್ಲು ಮಣ್ಣೂರದ್ದೇರಿ. ಇವ ಕೆಳಗ ಇದ್ದ, ನಾ ಮ್ಯಾಲ ಹಗ್ಗ ಹಿಡದಿದ್ದೆ. ಗೂಡಿನ್ಯಾಗ ಕೈ ಹಾಕಿ ಒಂದು ತಾಸು ಸುಮ್ನ ಕುಂತ, ತೆಗೀಲಿಲ್ಲ. ಯಾಕಲೇ ಅಂದ್ರ, ಮುರದ್ರ ಹೆಂಗ ಅಂದ. ಆಮ್ಯಾಲ ನಾನೂ ಇಳದು ಗೂಡಿನ್ಯಾಗ ಕೈ ಹಾಕಿ ನೋಡ್ದೆ. ತನ್ನ ಅಂಗಿ ಬಿಚ್ಚಿ ಸುತ್ತಿ ತಂದ, ಬನೀನ ಮ್ಯಾಲೇ ಬಸ್ ಹತ್ತಿದ. ತೊಡಿ ಮ್ಯಾಲಿಂದ ಕಲ್ಲು ಕೆಳಗ ಇಡಲಿಲ್ಲರಿ. ನಾ ಟಿಕೀಟ ಕೊಟ್ರ ಕೈ ಬಿಡ್ಲಿಲ್ಲ, ಬಾಯಾಗ ಹಿಡಕೊಂಡ. ನಾ ನೋಡೀನ್ರಿ. ಕಣ್ಣಿಲೆ ನೋಡೀನಿ."

ಟಿಕೆಟನ್ನು ಬಾಯಲ್ಲಿ ಹಿಡಿದದ್ದು ನನಗೆ ಮರೆತೇ ಹೋಗಿತ್ತು. ಅವನು ಹೇಳಿದ ಕೂಡಲೇ ತುಟಿಗೆ ಆ ಕಾಗದದ ರುಚಿ ಬಂತು. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅಷ್ಟು ಚೆನ್ನಾಗಿ ಯಾರೂ ನನ್ನ ಪರವಾಗಿ ಸಾಕ್ಷಿ ನುಡಿದಿಲ್ಲ.

ಉಪನ್ಯಾಸಕಿ ಗೌರವದಿಂದ ಕೇಳಿಸಿಕೊಂಡರು. ಅವರ ತೊಡೆಯ ಮೇಲೆ ನೋಟ್‌ಬುಕ್ಕು ತೆರೆದಿತ್ತು, ಪೆನ್ನು ಕೈಯಲ್ಲಿತ್ತು. ಅವನು ಮಾತು ಮುಗಿಸಿದ ಮೇಲೂ ಆ ಪುಟದಲ್ಲಿ ಏನೂ ಇರಲಿಲ್ಲ. ನನ್ನನ್ನು ನೋಡಿದರು. ಹೌದು, ಹಾಗೇ ಆಯಿತು ಎಂದೆ. ನನ್ನ ಹೌದು ಅವನ ಮಾತಿಗಿಂತ ಒಂದು ಗುಂಜಿಯೂ ಹೆಚ್ಚು ತೂಗಲಿಲ್ಲವೆಂದು ನನಗೇ ಗೊತ್ತಾಯಿತು.

ಕಲ್ಲನ್ನು ಕಾಲೇಜಿಗೆ ಒಯ್ಯುತ್ತೇನೆ, ಹುಡುಗರು ನೋಡಲಿ, ಆದರೆ ಊರಿನ ಹೆಸರು ಹಾಕಲು ಬರುವುದಿಲ್ಲ ಎಂದರು. ಚೀಟಿ ನೀವೇ ಬರೆಯಿರಿ, ನಿಮ್ಮ ಅಕ್ಷರ ಚೆನ್ನಾಗಿದೆ ಎಂದರು. ಅದನ್ನು ಕೊಂಕಿಗೆ ಹೇಳಲಿಲ್ಲ.

ಹೊಸ ಚೀಟಿ ತೆಗೆದುಕೊಂಡೆ. ಹರಳಿನ ಹೆಸರು ಬರೆದೆ. ಸ್ಥಳ ಎಂಬಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕುಳಿತು, 'ಅಫಜಲಪುರ ತಾಲೂಕು ಇರಬಹುದು' ಎಂದು ಬರೆದೆ. ಇಷ್ಟು ವರ್ಷಗಳ ಕಸುಬಿನಲ್ಲಿ ಯಾರ ಹೊಲಕ್ಕೂ ನಾನು ಇರಬಹುದು ಎಂದು ಬರೆದವನಲ್ಲ. 'ಸ್ಥಳದಲ್ಲಿ ನೋಡಿದವರು' ಎಂಬ ಕೊನೆಯ ಸಾಲು ಉಳಿಯಿತು. ಹೊಸ್ತಿಲಲ್ಲಿ ನಿಂತಿದ್ದವನು ಎರಡು ಹೆಜ್ಜೆ ಮುಂದೆ ಬಂದು, ಬಾಗಿ, ಪೆನ್ನಿಗಾಗಿ ಕೈ ಚಾಚಿದ.

ನಾನು ಪೆನ್ನಿನ ಟೋಪಿ ಮುಚ್ಚಿ ಜೇಬಿಗೆ ಹಾಕಿಕೊಂಡೆ.